ಪ್ಯಾನೆಲ್‌ನ ಹಳೇ ಕಾರ್ಡ್ ‘ಇನ್ನು ಸಿಗಲ್ಲ’ ಅಂದರೆ ಏನು ಮಾಡಬೇಕು?

ಅಪಾರ್ಟ್‌ಮೆಂಟ್ ಅಸೋಸಿಯೇಷನ್ ಮೀಟಿಂಗಿಗೆ ಒಂದು ಕೊಟೇಶನ್ ಬರುತ್ತದೆ. ಕೊಳಚೆ ನೀರು ಶುದ್ಧ ಮಾಡುವ ಎಸ್‌ಟಿಪಿ ಪ್ಯಾನೆಲ್‌ನಲ್ಲಿರುವ ಕಮ್ಯುನಿಕೇಶನ್ ಮಾಡ್ಯೂಲ್ ಹಳೆಯದು, ಕಂಪನಿ ತಯಾರಿಕೆ ನಿಲ್ಲಿಸಿದೆ, ಬದಲಿಸಬೇಕು ಅಂತ ಬರೆದಿರುತ್ತದೆ. ಕೆಳಗೆ ಲಕ್ಷದ ಲೆಕ್ಕದಲ್ಲಿ ಮೊತ್ತ. ಇಂಥದೇ ಕಾಗದ ಪೀಣ್ಯದ ಸಣ್ಣ ಕಾರ್ಖಾನೆಗೂ ಬರುತ್ತದೆ, ಬೊಮ್ಮಸಂದ್ರದ ದೊಡ್ಡ ಕಾರ್ಖಾನೆಗೂ ಬರುತ್ತದೆ. ‘ಚೆನ್ನಾಗೇ ಓಡ್ತಿದೆಯಲ್ಲ, ಯಾಕೆ ಬದಲಿಸಬೇಕು?’ ಅಂತ ಒಬ್ಬರು ಕೇಳುತ್ತಾರೆ. ‘ಅಂಗೈಯಷ್ಟು ಡಬ್ಬಿಗೆ ಇಷ್ಟು ದುಡ್ಡಾ?’ ಅಂತ ಇನ್ನೊಬ್ಬರು. ಎರಡೂ ನ್ಯಾಯವಾದ ಪ್ರಶ್ನೆಗಳೇ.

ಇಂಥ ಕೊಟೇಶನ್‌ಗಳು ಸುಮ್ನೆ ಬರುತ್ತಿಲ್ಲ. 1990ರ ದಶಕದಿಂದ ಈಚೆಗೆ ಹಾಕಿದ ಎಷ್ಟೋ ಕಂಟ್ರೋಲ್ ಸಿಸ್ಟಮ್‌ಗಳ ಅವಧಿ ಒಂದೊಂದಾಗಿ ಮುಗಿಯುತ್ತಿದೆ. ಸೀಮೆನ್ಸ್ ಕಂಪನಿಯ ಎಸ್‌7-300 ಅನ್ನುವ ಸರಣಿಯನ್ನೇ ನೋಡಿ. ನಮ್ಮ ಕಾರ್ಖಾನೆಗಳಲ್ಲಿ ಇದನ್ನು ಕಾಣದ ಎಲೆಕ್ಟ್ರಿಷಿಯನ್ ಕಡಿಮೆ. 2023ರ ಅಕ್ಟೋಬರ್ 1ರಿಂದ ಅದು ಮಾಮೂಲಿ ಮಾರಾಟದ ಪಟ್ಟಿಯಲ್ಲಿಲ್ಲ. ಅಲ್ಲಿಂದ ಹತ್ತು ವರ್ಷ, ಅಂದರೆ 2033ರವರೆಗೆ, ಬಿಡಿಭಾಗವಾಗಿ ಮಾತ್ರ ಸಿಗುತ್ತದೆ. ಅಲೆನ್-ಬ್ರ್ಯಾಡ್ಲಿ ಅನ್ನುವ ಕಂಪನಿಯ ಪಿಎಲ್‌ಸಿ-5 ಕೂಡ ಹಾಗೇ. 1986ರಲ್ಲಿ ಬಂದದ್ದು, 2017ರಲ್ಲಿ ನಿಂತಿತು.

## ಪ್ಯಾನೆಲ್ ಬಾಗಿಲು ತೆಗೆದರೆ

ಮೊದಲು ಹೆಸರುಗಳ ಪರಿಚಯ ಆಗಲಿ. ಪ್ಯಾನೆಲ್ ಬಾಗಿಲು ತೆಗೆದರೆ ಲೋಹದ ಪಟ್ಟಿಯ ಮೇಲೆ ಸಾಲಾಗಿ ಡಬ್ಬಿಗಳು ಕೂತಿರುತ್ತವೆ. ಅವುಗಳಲ್ಲಿ ಯಜಮಾನ ಪಿಎಲ್‌ಸಿ. ಇದು ಒಂದೇ ಕೆಲಸಕ್ಕೆ ಅಂತ ಪ್ರೋಗ್ರಾಂ ಹಾಕಿಟ್ಟ ಗಟ್ಟಿಮುಟ್ಟಾದ ಕಂಪ್ಯೂಟರ್. ಟ್ಯಾಂಕಿನಲ್ಲಿ ನೀರು ಎಷ್ಟಿದೆ, ಮೋಟಾರ್ ಬಿಸಿಯಾಗಿದೆಯಾ, ಯಾರಾದರೂ ಸ್ಟಾಪ್ ಬಟನ್ ಒತ್ತಿದರಾ ಅಂತ ನೋಡುತ್ತದೆ. ಪಂಪ್ ಆನ್ ಮಾಡು, ವಾಲ್ವ್ ಮುಚ್ಚು ಅಂತ ಆದೇಶ ಕೊಡುತ್ತದೆ. ಇದನ್ನೇ ಸೆಕೆಂಡಿಗೆ ಹತ್ತಾರು ಸಲ, ವರ್ಷಗಟ್ಟಲೆ ಮಾಡುತ್ತಲೇ ಇರುತ್ತದೆ.

ಪಿಎಲ್‌ಸಿ ಒಂದೇ ಇದ್ದರೆ ಸಾಲದು. ಮೋಟಾರಿನ ವೇಗ ಹೆಚ್ಚು ಕಡಿಮೆ ಮಾಡುವ ಡ್ರೈವ್ ಇರುತ್ತದೆ. ಆಪರೇಟರ್ ಮುಂದೆ ಪುಟ್ಟ ಪರದೆ ಇರುತ್ತದೆ, ಅದು ಎಚ್‌ಎಂಐ. ವಿದ್ಯುತ್ ಲೆಕ್ಕ ಇಡುವ ಮೀಟರ್, ನೀರಿನ ಹರಿವು ಅಳೆಯುವ ಮೀಟರ್ ಬೇರೆ. ದೂರದ ಕೋಣೆಯ ಕಂಪ್ಯೂಟರಿನಲ್ಲಿ ಇಡೀ ಘಟಕದ ಚಿತ್ರ ತೋರಿಸುವ ಸಾಫ್ಟ್‌ವೇರ್ ಇದ್ದರೆ ಅದನ್ನು ಸ್ಕ್ಯಾಡಾ ಅನ್ನುತ್ತಾರೆ. ಇವೆಲ್ಲ ಒಂದರ ಜೊತೆ ಒಂದು ಮಾತಾಡಬೇಕು. ಆ ಮಾತಿನ ಬಾಗಿಲೇ ಕಮ್ಯುನಿಕೇಶನ್ ಮಾಡ್ಯೂಲ್. ಪೀಣ್ಯದಲ್ಲಿ ಇದಕ್ಕೆ ‘ಕಾರ್ಡ್’ ಅಂದರೂ ಸಾಕು.

ಇದರ ಮಹತ್ವ ತಿಳಿಯಬೇಕಾದರೆ ನಮ್ಮ ನಲ್ಲಿ ನೀರಿನ ದಾರಿ ನೆನೆಸಿಕೊಳ್ಳಿ. ಕಾವೇರಿ ನೀರು ಬೆಂಗಳೂರಿಗೆ ಸುಮಾರು 100 ಕಿಲೋಮೀಟರ್ ದೂರದಿಂದ ಬರುತ್ತದೆ. ಸುಮಾರು 500 ಮೀಟರ್ ಮೇಲಕ್ಕೆ ಏರಬೇಕು. ತೊರೆಕಾಡನಹಳ್ಳಿ, ಹಾರೋಹಳ್ಳಿ, ತಾತಗುಣಿ ಅಂತ ಮೂರು ಹಂತದಲ್ಲಿ ಅದನ್ನು ಪಂಪ್ ಮಾಡುತ್ತಾರೆ. 2024ರ ಅಕ್ಟೋಬರ್‌ನಲ್ಲಿ ಶುರುವಾದ ಐದನೇ ಹಂತದ ಯೋಜನೆ ಒಂದೇ ದಿನಕ್ಕೆ 77.5 ಕೋಟಿ ಲೀಟರ್‌ನದು. ಹಿಂದಿನ ಹಂತದಿಂದ ಎಷ್ಟು ನೀರು ಬರುತ್ತಿದೆ ಅಂತ ಮುಂದಿನ ಹಂತಕ್ಕೆ ಗೊತ್ತಾಗದಿದ್ದರೆ ಒಂದು ಕಡೆ ಟ್ಯಾಂಕ್ ತುಂಬಿ ಹರಿಯುತ್ತದೆ, ಇನ್ನೊಂದು ಕಡೆ ಪಂಪ್ ಒಣಗಿ ಓಡುತ್ತದೆ. ಇಷ್ಟು ದೊಡ್ಡದಿರಲಿ, ಅಪಾರ್ಟ್‌ಮೆಂಟಿನ ಸಂಪ್ ಮತ್ತು ಓವರ್‌ಹೆಡ್ ಟ್ಯಾಂಕ್ ಇರಲಿ, ತತ್ವ ಒಂದೇ.

## ಓಡುತ್ತಿರುವುದನ್ನು ಕಂಪನಿ ಯಾಕೆ ನಿಲ್ಲಿಸುತ್ತದೆ?

ದುಡ್ಡಿನಾಸೆ ಅಂತ ಹೇಳಿಬಿಡುವುದು ಸುಲಭ. ಸ್ವಲ್ಪ ಅದೂ ಇರಬಹುದು. ಆದರೆ ಮುಖ್ಯ ಕಾರಣ ಚಿಪ್. ಕಾರ್ಡ್ ತಯಾರಿಸುವ ಕಂಪನಿ ಅದರೊಳಗಿನ ಚಿಪ್‌ಗಳನ್ನೆಲ್ಲ ತಾನೇ ಮಾಡುವುದಿಲ್ಲ, ಕೊಳ್ಳುತ್ತದೆ. ಚಿಪ್ ಕಂಪನಿಗೆ ಮೊಬೈಲ್, ಲ್ಯಾಪ್‌ಟಾಪ್ ಮಾರುಕಟ್ಟೆಯೇ ದೊಡ್ಡದು. ಕಾರ್ಖಾನೆಯವರು ಕೊಳ್ಳುವುದು ಅದರ ಮುಂದೆ ಚೂರುಪಾರು. ಇಂಟೆಲ್ 386 ಪ್ರೊಸೆಸರ್ 1985ರಲ್ಲಿ ಬಂತು. ಮನೆ ಕಂಪ್ಯೂಟರ್‌ಗಳಿಂದ ಅದು ಯಾವತ್ತೋ ಮಾಯವಾದರೂ ಇಂಟೆಲ್ ಅದನ್ನು 2007ರವರೆಗೆ ಮಾಡುತ್ತಲೇ ಇತ್ತು. ಯಂತ್ರಗಳ ಒಳಗೆ ಕೂತ ಕಂಪ್ಯೂಟರ್‌ಗಳಿಗೆ ಅದು ಬೇಕಿತ್ತು. ಕೊನೆಗೆ ಅದೂ ನಿಂತಿತು. ಚಿಪ್ ನಿಂತರೆ ಕಾರ್ಡನ್ನು ಹೊಸದಾಗಿ ವಿನ್ಯಾಸ ಮಾಡಬೇಕು. ಅಷ್ಟು ಖರ್ಚು ಮಾಡುವ ಬದಲು ಕಂಪನಿ ಹೊಸ ಸರಣಿಗೇ ಹೋಗಿಬಿಡುತ್ತದೆ.

ನಿಲ್ಲಿಸುವುದೂ ಒಂದೇ ದಿನದಲ್ಲಿ ಆಗುವುದಿಲ್ಲ. ಮೊದಲು ‘ಹೊಸ ಯೋಜನೆಗೆ ಇದನ್ನು ಬಳಸಬೇಡಿ’ ಅನ್ನುತ್ತಾರೆ. ಆಮೇಲೆ ಕೊನೆಯ ಆರ್ಡರ್‌ಗೆ ಒಂದು ತಾರೀಕು ಕೊಡುತ್ತಾರೆ. ಆಮೇಲೆ ಬಿಡಿಭಾಗ ಮತ್ತು ರಿಪೇರಿ ಮಾತ್ರ. ಕಡೆಗೆ ಅದೂ ಇಲ್ಲ. ನಿಮ್ಮ ಕೊಟೇಶನ್‌ನಲ್ಲಿರುವ ಕಾರ್ಡ್ ಇದರಲ್ಲಿ ಯಾವ ಮೆಟ್ಟಿಲಲ್ಲಿದೆ ಅನ್ನುವುದು ಮುಖ್ಯ. ಕಾರ್ಡ್ ಮೇಲಿನ ಪಾರ್ಟ್ ನಂಬರ್ ಹಾಕಿ ತಯಾರಕರ ವೆಬ್‌ಸೈಟಿನಲ್ಲಿ ಹುಡುಕಿದರೆ ಐದು ನಿಮಿಷದಲ್ಲಿ ಗೊತ್ತಾಗುತ್ತದೆ. ಕಂಪನಿ ತಯಾರಿಕೆ ನಿಲ್ಲಿಸಿದರೆ ಕಾರ್ಡ್ ಕೆಟ್ಟಿತು ಅಂತಲ್ಲ. ನಾಳೆ ಕೆಟ್ಟರೆ ಇನ್ನೊಂದು ಸಿಗುವುದು ಕಷ್ಟ, ಅಷ್ಟೇ.

ಹಾಗಂತ ಕಾರ್ಡ್‌ಗೆ ಮುಪ್ಪು ಬರುವುದಿಲ್ಲ ಅಂತಲೂ ಅಲ್ಲ. ಒಳಗೆ ವಿದ್ಯುತ್ತನ್ನು ಸ್ವಲ್ಪ ಹೊತ್ತು ಹಿಡಿದಿಡುವ ಕೆಪಾಸಿಟರ್‌ಗಳು ನಿಧಾನಕ್ಕೆ ಒಣಗುತ್ತವೆ. ಬಿಸಿ ಹತ್ತು ಡಿಗ್ರಿ ಏರಿದರೆ ಅವುಗಳ ಆಯಸ್ಸು ಅರ್ಧಕ್ಕೆ ಇಳಿಯುತ್ತದೆ ಅನ್ನುವುದು ಈ ಕ್ಷೇತ್ರದ ಒರಟು ಲೆಕ್ಕ. ಫ್ಯಾನ್ ಕೆಟ್ಟ, ಧೂಳು ತುಂಬಿದ ಪ್ಯಾನೆಲ್‌ನಲ್ಲಿ ಇದು ಬೇಗ ಆಗುತ್ತದೆ. ಜೊತೆಗೆ ಏಪ್ರಿಲ್, ಮೇ ತಿಂಗಳ ನಮ್ಮ ಸಂಜೆ ಸಿಡಿಲು. ಒಂದು ಕಟ್ಟಡದಿಂದ ಇನ್ನೊಂದಕ್ಕೆ ಎಳೆದ ಉದ್ದನೆಯ ಕೇಬಲ್ ಇದ್ದರೆ ಸಿಡಿಲಿನ ಹೊಡೆತಕ್ಕೆ ಮೊದಲು ಸಿಗುವುದೇ ಕಮ್ಯುನಿಕೇಶನ್ ಪೋರ್ಟ್.

## ಹಾಜರಿ ಕೂಗುವ ಮೇಷ್ಟ್ರು

ಈಗ ಅಸಲು ವಿಷಯ. ಈ ಡಬ್ಬಿಗಳು ಹೇಗೆ ಮಾತಾಡುತ್ತವೆ ಅನ್ನುವುದು ತಿಳಿದರೆ, ಬದಲಿಸುವುದು ಯಾಕೆ ಕಷ್ಟ ಅನ್ನುವುದೂ ತಿಳಿಯುತ್ತದೆ.

ಮಾತಿಗೆ ನಿಯಮ ಬೇಕು. ಆ ನಿಯಮದ ಕಟ್ಟಿಗೆ ಪ್ರೊಟೊಕಾಲ್ ಅಂತ ಹೆಸರು. ಕಾರ್ಖಾನೆಗಳಲ್ಲಿ ಇಂಥವು ಹತ್ತಾರಿವೆ. ನೇರಳೆ ಬಣ್ಣದ ಕೇಬಲ್‌ನಲ್ಲಿ ಹೋಗುವ ಪ್ರೊಫಿಬಸ್, ಈಥರ್‌ನೆಟ್ ಕೇಬಲ್‌ನಲ್ಲಿ ಹೋಗುವ ಪ್ರೊಫಿನೆಟ್, ಹೀಗೆ. ಎಲ್ಲಕ್ಕಿಂತ ಸರಳವಾದದ್ದು, ನಿಮ್ಮ ಅಪಾರ್ಟ್‌ಮೆಂಟಿನ ಎನರ್ಜಿ ಮೀಟರಿನಲ್ಲೂ ಇರುವ ಸಾಧ್ಯತೆ ಇರುವುದು ಮಾಡ್‌ಬಸ್. ಮಾಡಿಕಾನ್ ಅನ್ನುವ ಅಮೆರಿಕದ ಕಂಪನಿ 1979ರಲ್ಲಿ ಇದನ್ನು ತಂದಿತು. ಇವತ್ತಿಗೂ ಹೊಸ ಉಪಕರಣಗಳಲ್ಲಿ ಬರುತ್ತಿದೆ.

ಸ್ಕೂಲಿನಲ್ಲಿ ಮೇಷ್ಟ್ರು ಹಾಜರಿ ಕೂಗುವುದು ನೆನಪಿದೆ ಅಲ್ವಾ? ‘ನಂಬರ್ ಒಂದು’ ಅಂದರೆ ಒಂದನೇ ನಂಬರಿನವನು ಮಾತ್ರ ‘ಪ್ರೆಸೆಂಟ್ ಸಾರ್’ ಅನ್ನಬೇಕು. ಬೇರೆಯವರು ಬಾಯಿ ಬಿಡುವಂತಿಲ್ಲ. ಕೇಳದೆ ಯಾರೂ ಮಾತಾಡುವಂತಿಲ್ಲ. ಮಾಡ್‌ಬಸ್ ನಡೆಯುವುದು ಹೀಗೇ. ಪಿಎಲ್‌ಸಿ ಮೇಷ್ಟ್ರು. ಮೀಟರ್, ಡ್ರೈವ್‌ಗಳು ಮಕ್ಕಳು. ಪ್ರತಿಯೊಂದಕ್ಕೂ 1ರಿಂದ 247ರ ಒಳಗೆ ಒಂದು ನಂಬರ್. ಇಬ್ಬರಿಗೆ ಒಂದೇ ನಂಬರ್ ಕೊಟ್ಟರೆ ಇಬ್ಬರೂ ಒಟ್ಟಿಗೆ ಕೂಗುತ್ತಾರೆ, ಮೇಷ್ಟ್ರಿಗೆ ಏನೂ ಅರ್ಥವಾಗುವುದಿಲ್ಲ.

ತಂತಿಯ ಮೇಲೆ ನಿಜವಾಗಿ ಹೋಗುವ ಒಂದು ಪ್ರಶ್ನೆಯನ್ನೇ ಬಿಡಿಸಿ ನೋಡೋಣ. ಇದು ಬರೀ ಎಂಟು ಬೈಟ್ (ಹತ್ತರ ಬದಲು ಹದಿನಾರರ ಲೆಕ್ಕದಲ್ಲಿ ಬರೆಯುವುದರಿಂದ ಅಂಕಿಗಳ ನಡುವೆ ಅಕ್ಷರಗಳೂ ಇವೆ):

01 03 00 00 00 02 ಸಿ4 0ಬಿ

ಮೊದಲ 01 ಅಂದರೆ ‘ಒಂದನೇ ನಂಬರಿನವನೇ’. 03 ಅಂದರೆ ‘ನಿನ್ನ ರಿಜಿಸ್ಟರ್ ಓದಿ ಹೇಳು’. ಉಪಕರಣದೊಳಗೆ ಅಳತೆಗಳನ್ನು ಇಡುವ ಗೂಡುಗಳಿಗೆ ರಿಜಿಸ್ಟರ್ ಅಂತ ಹೆಸರು. ಮುಂದಿನ 00 00 ಅಂದರೆ ‘ಮೊದಲ ಗೂಡಿನಿಂದ ಶುರು ಮಾಡು’. 00 02 ಅಂದರೆ ‘ಎರಡು ಗೂಡು ಓದು’. ಕೊನೆಯ ಸಿ4 0ಬಿ ತಾಳೆ ನೋಡುವ ಸಂಖ್ಯೆ. ದಾರಿಯಲ್ಲಿ ಒಂದು ಅಕ್ಷರ ಕೆಟ್ಟರೂ ಲೆಕ್ಕ ತಾಳೆಯಾಗುವುದಿಲ್ಲ, ಆಗ ಉಪಕರಣ ಸುಮ್ಮನಿದ್ದುಬಿಡುತ್ತದೆ.

ಸೆಕೆಂಡಿಗೆ 9600 ಬಿಟ್ ವೇಗದಲ್ಲಿ, ಒಂದು ಬೈಟ್‌ಗೆ 11 ಬಿಟ್ ಹಿಡಿದರೆ, ಈ ಪ್ರಶ್ನೆ ಹೋಗಲು ಸುಮಾರು 9 ಮಿಲಿಸೆಕೆಂಡ್ ಬೇಕು. ಉತ್ತರಕ್ಕೆ 10. ನಡುವೆ ಉಪಕರಣ ಯೋಚಿಸಲು 20 ಅನ್ನಿ. ಹತ್ತಿರ ಹತ್ತಿರ 40 ಮಿಲಿಸೆಕೆಂಡ್ ಆಯಿತು. ಮೂವತ್ತು ಉಪಕರಣ ಇದ್ದರೆ ಒಂದು ಸುತ್ತು ಹಾಜರಿಗೆ ಒಂದು ಸೆಕೆಂಡಿನ ಮೇಲಾಗುತ್ತದೆ. ಅದರಲ್ಲಿ ಒಬ್ಬ ಗೈರುಹಾಜರಾದರೆ? ಮೇಷ್ಟ್ರು ಒಂದು ಸೆಕೆಂಡ್ ಕಾದು, ಮತ್ತೆ ಕೂಗಿ, ಇನ್ನೊಮ್ಮೆ ಕೂಗಿ, ಆಮೇಲೆ ಮುಂದಕ್ಕೆ ಹೋಗುತ್ತಾರೆ. ಒಂದು ಮೀಟರ್ ಸತ್ತರೆ ಇಡೀ ಪರದೆ ನಿಧಾನವಾಗುವುದು ಇದಕ್ಕೇ. ‘ಸಿಸ್ಟಮ್ ಸ್ಲೋ ಆಗಿದೆ, ಕಾರ್ಡ್ ಬದಲಿಸಿ’ ಅನ್ನುವ ಎಷ್ಟೋ ದೂರುಗಳ ಹಿಂದೆ ಇಂಥ ಗೈರುಹಾಜರಿ ಇರುತ್ತದೆ.

ಹಳೇ ಕಾರ್ಡ್ ತೆಗೆದು ಹೊಸದು ಹಾಕುವುದು ಅಂದರೆ ಮೇಷ್ಟ್ರನ್ನೇ ಬದಲಿಸಿದ ಹಾಗೆ. ಹೊಸಬರಿಗೆ ಅದೇ ಪಟ್ಟಿ ಬೇಕು, ಅದೇ ಕ್ರಮ ಬೇಕು, ಅದೇ ವೇಗ ಬೇಕು. ನಿಧಾನವಾಗಿ ಉತ್ತರಿಸುವ ಮಕ್ಕಳಿಗೆ ಕಾಯುವ ತಾಳ್ಮೆಯೂ ಬೇಕು. ಡಬ್ಬಿಯ ಬೆಲೆ ಒಂದು ಕಡೆಯಾದರೆ ಈ ಪಟ್ಟಿಯನ್ನು ಹುಡುಕಿ ತೆಗೆಯುವ ಕೆಲಸದ ಬೆಲೆ ಇನ್ನೊಂದು ಕಡೆ. ಲಕ್ಷದ ಕೊಟೇಶನ್‌ನಲ್ಲಿ ಎರಡನೆಯದೇ ಜಾಸ್ತಿ ಇದ್ದರೆ ಆಶ್ಚರ್ಯವಿಲ್ಲ. ಇರಲೂ ಬೇಕು.

## ಮೊದಲು ತಂತಿ ನೋಡಿ

ಕಾರ್ಡ್ ಸತ್ತಿದೆ ಅಂತ ತೀರ್ಪು ಕೊಡುವ ಮೊದಲು ಕೇಬಲ್ ನೋಡಬೇಕು. ಮಾಡ್‌ಬಸ್ ಸಾಮಾನ್ಯವಾಗಿ ಓಡುವುದು ಆರ್‌ಎಸ್-485 ಅನ್ನುವ ಎರಡು ತಂತಿಯ ಜೋಡಿಯ ಮೇಲೆ. 1983ರಿಂದ ಇರುವ ಮಾನದಂಡ ಇದು. ಕಡಿಮೆ ವೇಗದಲ್ಲಿ 1200 ಮೀಟರ್‌ವರೆಗೆ ಹೋಗುತ್ತದೆ. ಸಾಮಾನ್ಯ ಲೆಕ್ಕದಲ್ಲಿ ಒಂದು ಜೋಡಿಗೆ 32 ಉಪಕರಣ. ಕೇಬಲ್‌ನ ಎರಡು ತುದಿಯಲ್ಲೂ 120 ಓಮ್‌ನ ಒಂದೊಂದು ರೆಸಿಸ್ಟರ್ ಇರಬೇಕು. ಇಲ್ಲದಿದ್ದರೆ ಸಿಗ್ನಲ್ ತುದಿಗೆ ಹೊಡೆದು ವಾಪಸ್ ಬಂದು ಮಾತನ್ನು ಕಲಸುತ್ತದೆ.

ಇದನ್ನು ಪರೀಕ್ಷಿಸಲು ದೊಡ್ಡ ಉಪಕರಣ ಬೇಡ. ಎಲ್ಲ ಕಡೆ ಪವರ್ ಆಫ್ ಮಾಡಿ, ಎರಡು ತಂತಿಗೆ ಮಲ್ಟಿಮೀಟರ್ ಹಿಡಿದರೆ ಸುಮಾರು 60 ಓಮ್ ತೋರಿಸಬೇಕು. ಎರಡು 120 ಅಕ್ಕಪಕ್ಕ ಸೇರಿದರೆ 60 ಅಲ್ವಾ? 120 ತೋರಿಸಿದರೆ ಒಂದು ತುದಿಯ ರೆಸಿಸ್ಟರ್ ಇಲ್ಲ, ಅಥವಾ ನಡುವೆ ತಂತಿ ತುಂಡಾಗಿದೆ. 40 ತೋರಿಸಿದರೆ ಯಾರೋ ಮಧ್ಯದಲ್ಲಿ ಮೂರನೆಯದನ್ನೂ ಹಾಕಿದ್ದಾರೆ. ಪ್ರೊಫಿಬಸ್‌ನಲ್ಲಿ ರೆಸಿಸ್ಟರ್‌ಗಳ ಓಮ್ ಬೇರೆ, ಆದ್ದರಿಂದ ಈ ಲೆಕ್ಕ ಅಲ್ಲಿಗೆ ಹೊಂದುವುದಿಲ್ಲ.

ಇನ್ನೊಂದು ತಮಾಷೆ ಇದೆ. ಎರಡು ತಂತಿಗೆ ಎ ಮತ್ತು ಬಿ ಅಂತ ಹೆಸರು. ಆದರೆ ಒಂದು ಕಂಪನಿಯ ಎ ಇನ್ನೊಂದು ಕಂಪನಿಗೆ ಬಿ. ಹೊಸ ಕಾರ್ಡ್ ಹಾಕಿದಾಗ ಎಲ್ಲ ಸೆಟ್ಟಿಂಗ್ ಸರಿಯಿದ್ದೂ ಉತ್ತರ ಬರದಿದ್ದರೆ, ಅನುಭವಸ್ಥ ಟೆಕ್ನಿಷಿಯನ್ ಮೊದಲು ಮಾಡುವ ಕೆಲಸ ಆ ಎರಡು ತಂತಿಗಳನ್ನು ಅದಲು ಬದಲು ಮಾಡಿ ನೋಡುವುದು. ಇದರಿಂದ ಸಾಮಾನ್ಯವಾಗಿ ಏನೂ ಸುಡುವುದಿಲ್ಲ.

## ಮುಂದಿರುವ ದಾರಿಗಳು

ತಂತಿ ಸರಿಯಿದೆ, ಕಾರ್ಡ್ ನಿಜಕ್ಕೂ ಬದಲಾಗಬೇಕು ಅಂದಾದರೆ ನಾಲ್ಕು ದಾರಿ ಇವೆ.

ಎಲ್ಲಕ್ಕಿಂತ ಬೇಗ ಆಗುವುದು ಅದೇ ಮಾದರಿಯ ಹಳೇ ಕಾರ್ಡ್ ಹುಡುಕುವುದು. ಆನ್‌ಲೈನ್‌ನಲ್ಲಿ, ಪರಿಚಯದ ಪ್ಯಾನೆಲ್ ಬಿಲ್ಡರ್ ಹತ್ತಿರ, ಎಲೆಕ್ಟ್ರಾನಿಕ್ಸ್ ಅಂಗಡಿಗಳಿರುವ ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ವಿಚಾರಿಸುವವರಿದ್ದಾರೆ. ಸಿಕ್ಕರೆ ಪ್ರೋಗ್ರಾಂ ಮುಟ್ಟುವ ಹಾಗಿಲ್ಲ, ತೆಗೆದು ಹಾಕಿದರೆ ಆಯಿತು. ಆದರೆ ಅದರ ಕೆಪಾಸಿಟರ್‌ಗೂ ಅಷ್ಟೇ ವಯಸ್ಸಾಗಿರುತ್ತದೆ. ಫರ್ಮ್‌ವೇರ್, ಅಂದರೆ ಕಾರ್ಡಿನೊಳಗೇ ಕೂತ ಸಾಫ್ಟ್‌ವೇರ್, ಬೇರೆ ಆವೃತ್ತಿಯದಾದರೆ ಪಿಎಲ್‌ಸಿ ಒಪ್ಪದಿರಬಹುದು. ವಾರಂಟಿಯ ಮಾತು ಬಿಡಿ. ತುರ್ತಿಗೆ ಇದು ಸರಿ, ಐದು ವರ್ಷದ ಯೋಜನೆಗೆ ಅಲ್ಲ.

ತಯಾರಕರೇ ಹೇಳುವ ಬದಲಿ ಕಾರ್ಡ್ ಎರಡನೆಯ ದಾರಿ. ಕೆಲವು ನೇರವಾಗಿ ಕೂರುತ್ತವೆ. ಇನ್ನು ಕೆಲವು ಕೂತರೂ ಪ್ರೋಗ್ರಾಮಿನಲ್ಲಿ ಹಾರ್ಡ್‌ವೇರ್ ಪಟ್ಟಿ ತಿದ್ದಬೇಕು. ತಿದ್ದಿದ್ದನ್ನು ಪಿಎಲ್‌ಸಿಗೆ ಹಾಕಲು ಕೆಲವು ಮಾದರಿಗಳನ್ನು ನಿಲ್ಲಿಸಲೇಬೇಕಾಗುತ್ತದೆ.

ಮೂರನೆಯದು ಗೇಟ್‌ವೇ. ಒಂದು ಕಡೆ ಹಳೇ ಪ್ರೊಟೊಕಾಲ್, ಇನ್ನೊಂದು ಕಡೆ ಹೊಸದು, ನಡುವೆ ಈ ಡಬ್ಬಿ. ಹಳೇ ಉಪಕರಣಗಳನ್ನೆಲ್ಲ ಹಾಗೇ ಇಟ್ಟುಕೊಂಡು ಹೊಸ ಈಥರ್‌ನೆಟ್ ಜಾಲಕ್ಕೆ ಸೇರಿಸಬಹುದು. ಖರ್ಚು ಕಡಿಮೆ, ಹಾಗಾಗಿ ಜನಪ್ರಿಯ. ಆದರೆ ಇದರಲ್ಲಿ ಒಂದು ಮೋಸದ ಗುಂಡಿ ಇದೆ, ಅದನ್ನು ಬಿಡಿಸಿ ಹೇಳಲೇಬೇಕು. ಅನೇಕ ಗೇಟ್‌ವೇಗಳು ಹಳೇ ಕಡೆಯಿಂದ ಓದಿದ ಅಳತೆಯನ್ನು ತಮ್ಮ ಮೆಮೊರಿಯಲ್ಲಿ ಇಟ್ಟುಕೊಂಡು, ಕೇಳಿದವರಿಗೆ ಅಲ್ಲಿಂದ ಕೊಡುತ್ತವೆ. ಹಳೇ ಕಡೆಯ ಕೇಬಲ್ ತುಂಡಾಯಿತು ಅನ್ನಿ. ಗೇಟ್‌ವೇ ಮಾತ್ರ ಜೀವಂತ. ಕೇಳಿದಾಗಲೆಲ್ಲ ಕೊನೆಯ ಸಲ ಓದಿದ ಅಳತೆಯನ್ನೇ ಕೊಡುತ್ತಾ ಹೋಗುತ್ತದೆ. ಪರದೆಯ ಮೇಲೆ ಟ್ಯಾಂಕ್ ಮಟ್ಟ 72 ಶೇಕಡಾ ಅಂತ ಬೆಳಿಗ್ಗೆಯಿಂದ ಸಂಜೆವರೆಗೆ ಹಾಗೇ ನಿಂತಿರುತ್ತದೆ. ಕೆಂಪು ದೀಪವಿಲ್ಲ, ಅಲಾರಂ ಇಲ್ಲ. ಟ್ಯಾಂಕ್ ಖಾಲಿಯಾಗಿರುತ್ತದೆ. ಇದಕ್ಕೆ ಮದ್ದು ಸುಲಭ. ಹಳೇ ಕಡೆ ಜೀವಂತ ಇದೆಯಾ ಅಂತ ಹೇಳುವ ಸ್ಟೇಟಸ್ ರಿಜಿಸ್ಟರ್ ಬಹಳಷ್ಟು ಗೇಟ್‌ವೇಗಳಲ್ಲಿ ಇರುತ್ತದೆ. ಅದನ್ನೂ ಓದಿ ಅಲಾರಂಗೆ ಜೋಡಿಸಬೇಕು. ಕೇಳದಿದ್ದರೆ ಯಾರೂ ಜೋಡಿಸುವುದಿಲ್ಲ.

ನಾಲ್ಕನೆಯದು ಇಡೀ ಪಿಎಲ್‌ಸಿಯನ್ನೇ ಬದಲಿಸುವುದು. ಖರ್ಚು ಜಾಸ್ತಿ, ಪ್ರೋಗ್ರಾಂ ಹೊಸದಾಗಿ ಬರೆಸಬೇಕು, ಪರೀಕ್ಷೆಗೆ ದಿನಗಳು ಬೇಕು. ಕಮ್ಯುನಿಕೇಶನ್ ಕಾರ್ಡ್ ಒಂದೇ ಹಳೆಯದಾಗಿದ್ದರೆ ಇದು ಅತಿಯಾಯಿತು. ಸಿಪಿಯು, ಇನ್‌ಪುಟ್-ಔಟ್‌ಪುಟ್ ಕಾರ್ಡ್‌ಗಳೂ ಅದೇ ವರ್ಷ ನಿಂತುಹೋದ ಸರಣಿಯವಾಗಿದ್ದರೆ ಲೆಕ್ಕ ಬೇರೆಯಾಗುತ್ತದೆ.

## ಕೂತಿತು, ದೀಪ ಹತ್ತಿತು, ಆದರೂ ತಪ್ಪು

ಹೊಸ ಕಾರ್ಡ್ ಕೂತ ಮೇಲೆ ಹಸಿರು ದೀಪ ಮಿನುಗಿದರೆ ಎಲ್ಲರಿಗೂ ಸಮಾಧಾನ. ದೀಪ ಹೇಳುವುದು ಮಾತು ನಡೆಯುತ್ತಿದೆ ಅಂತ ಮಾತ್ರ. ಮಾತು ಸರಿಯಾಗಿ ಅರ್ಥವಾಯಿತಾ ಅಂತ ಅದು ಹೇಳುವುದಿಲ್ಲ.

ಒಂದು ಉದಾಹರಣೆ. ಮಾಡ್‌ಬಸ್‌ನ ಒಂದು ಗೂಡಿನಲ್ಲಿ 16 ಬಿಟ್ ಹಿಡಿಯುತ್ತದೆ. ದಶಮಾಂಶ ಇರುವ ಅಳತೆಗೆ ಸಾಮಾನ್ಯವಾಗಿ 32 ಬಿಟ್ ಬೇಕು, ಅಂದರೆ ಎರಡು ಗೂಡು. ಯಾವ ಗೂಡಿನಲ್ಲಿ ಮೊದಲ ಅರ್ಧ ಅನ್ನುವುದಕ್ಕೆ ಮಾಡ್‌ಬಸ್‌ನಲ್ಲಿ ನಿಯಮವೇ ಇಲ್ಲ. ಒಬ್ಬೊಬ್ಬ ತಯಾರಕರು ಒಂದೊಂದು ರೀತಿ. ಟ್ಯಾಂಕಿನಲ್ಲಿ 25.0 ಕಿಲೋಲೀಟರ್ ನೀರಿದೆ ಅನ್ನಿ. ಅದು ಎರಡು ಗೂಡಿನಲ್ಲಿ 41ಸಿ8 ಮತ್ತು 0000 ಅಂತ ಕೂರುತ್ತದೆ. ಹೊಸ ಕಾರ್ಡ್ ಅದನ್ನು ತಿರುಗುಮುರುಗಾಗಿ, 0000 ಮತ್ತು 41ಸಿ8 ಅಂತ ಓದಿದರೆ ಬರುವ ಸಂಖ್ಯೆ ಎಷ್ಟು ಚಿಕ್ಕದೆಂದರೆ ಪರದೆಯ ಮೇಲೆ 0.0 ಅಂತಲೇ ಕಾಣುತ್ತದೆ. ಟ್ಯಾಂಕ್ ಖಾಲಿ ಅಂದುಕೊಂಡ ಪಿಎಲ್‌ಸಿ ಪಂಪ್ ಆನ್ ಮಾಡುತ್ತದೆ. ಎಲ್ಲಿಯವರೆಗೆ? ಫ್ಲೋಟ್ ಸ್ವಿಚ್ ಇದ್ದರೆ ಅದು ತಡೆಯುವವರೆಗೆ. ಇಲ್ಲದಿದ್ದರೆ ಟೆರೇಸಿನಿಂದ ನೀರು ಸುರಿಯುವವರೆಗೆ.

ಇನ್ನೊಂದು ಮಾಮೂಲಿ ಎಡವಟ್ಟು ‘ಒಂದು ಹೆಚ್ಚುಕಮ್ಮಿ’. ಕೈಪಿಡಿಯಲ್ಲಿ ಮೊದಲ ಗೂಡನ್ನು 40001 ಅಂತ ಬರೆದಿರುತ್ತಾರೆ. ತಂತಿಯ ಮೇಲೆ ಅದೇ ಗೂಡು ಸೊನ್ನೆ. ಒಂದು ಸಾಫ್ಟ್‌ವೇರ್ ತಾನೇ ಕಳೆದುಕೊಳ್ಳುತ್ತದೆ, ಇನ್ನೊಂದು ಕಳೆಯುವುದಿಲ್ಲ. ವೋಲ್ಟೇಜ್ ಇರಬೇಕಾದ ಕಡೆ ಕರೆಂಟ್ ಕಾಣುತ್ತದೆ. ಸಂಖ್ಯೆಗಳು ನಂಬುವ ಹಾಗಿದ್ದರೆ ತಿಂಗಳುಗಟ್ಟಲೆ ಯಾರಿಗೂ ಗೊತ್ತಾಗುವುದಿಲ್ಲ.

ಮೂರನೆಯದು ಇವೆರಡಕ್ಕಿಂತ ಗಂಭೀರ. ಮಾತು ನಿಂತಾಗ ಏನು ಮಾಡಬೇಕು ಅನ್ನುವುದು. ಮೇಷ್ಟ್ರ ದನಿ ಕೇಳಿಸದಿದ್ದರೆ ಡ್ರೈವ್ ಮೋಟಾರನ್ನು ನಿಲ್ಲಿಸಬೇಕಾ, ಇದ್ದ ವೇಗದಲ್ಲೇ ಓಡಿಸುತ್ತಿರಬೇಕಾ? ಗಾಳಿ ಊದುವ ಬ್ಲೋವರ್‌ಗೆ ಓಡುತ್ತಿರುವುದೇ ಕ್ಷೇಮ ಇರಬಹುದು. ರಾಸಾಯನಿಕ ಹಾಕುವ ಡೋಸಿಂಗ್ ಪಂಪ್ ಹಾಗೆ ಓಡಿದರೆ ಅನಾಹುತ. ಹಳೇ ವ್ಯವಸ್ಥೆಯಲ್ಲಿ ಇದನ್ನು ಯಾರೋ ಯೋಚಿಸಿ ಹೊಂದಿಸಿರುತ್ತಾರೆ. ಹೊಸ ಕಾರ್ಡ್ ಅಥವಾ ಗೇಟ್‌ವೇ ಕಾರ್ಖಾನೆಯಿಂದ ಬಂದ ಸೆಟ್ಟಿಂಗ್‌ನಲ್ಲಿ ಬೇರೆಯೇ ಮಾಡಬಹುದು. ಇದನ್ನು ಪರೀಕ್ಷಿಸಲು ಒಂದೇ ದಾರಿ. ಜವಾಬ್ದಾರರು ಎದುರಿಗಿದ್ದು, ಬೇಕಂತಲೇ ಕೇಬಲ್ ಎಳೆದು, ಪ್ರತಿಯೊಂದು ಮೋಟಾರ್ ಏನು ಮಾಡುತ್ತದೆ ಅಂತ ಕಣ್ಣಾರೆ ನೋಡಬೇಕು.

## ಬದಲಿಸುವ ದಿನಕ್ಕೆ ಮುಂಚೆ

ಕೆಲಸದ ಮುಕ್ಕಾಲು ಪಾಲು ಈ ಭಾಗದಲ್ಲಿದೆ. ಮೊದಲನೆಯದು ಪ್ರೋಗ್ರಾಮಿನ ಬ್ಯಾಕಪ್. ‘ಪಿಎಲ್‌ಸಿ ಒಳಗೇ ಇದೆಯಲ್ಲ, ಅಲ್ಲಿಂದ ತೆಗೆದುಕೊಂಡರಾಯ್ತು’ ಅನ್ನುವವರಿದ್ದಾರೆ. ಎಸ್‌7-300ರಂಥ ಮಾದರಿಗಳಲ್ಲಿ ಹಾಗೆ ತೆಗೆದರೆ ಪ್ರೋಗ್ರಾಂ ಬರುತ್ತದೆ, ಆದರೆ ಬರೆದವರು ಇಟ್ಟ ಹೆಸರುಗಳು, ಟಿಪ್ಪಣಿಗಳು ಬರುವುದಿಲ್ಲ. ಅವು ಮೂಲ ಪ್ರಾಜೆಕ್ಟ್ ಫೈಲಿನಲ್ಲಿ ಮಾತ್ರ ಇರುತ್ತವೆ. ‘ಸಂಪ್ ಪಂಪ್ ಎರಡು’ ಅಂತ ಇರಬೇಕಾದ ಕಡೆ ಬರೀ ಒಂದು ಸಂಖ್ಯೆ ಕಾಣುತ್ತದೆ. ಆ ಫೈಲ್ ಹದಿನೈದು ವರ್ಷದ ಹಿಂದೆ ಪ್ಯಾನೆಲ್ ಮಾಡಿಕೊಟ್ಟವರ ಲ್ಯಾಪ್‌ಟಾಪಿನಲ್ಲಿತ್ತು. ಈಗ ಆ ಲ್ಯಾಪ್‌ಟಾಪ್ ಎಲ್ಲಿ?

ಹಳೇ ಸಾಫ್ಟ್‌ವೇರ್ ತೆರೆಯಲು ಹಳೇ ಕಂಪ್ಯೂಟರೇ ಬೇಕಾಗುವುದೂ ಉಂಟು. ವಿಂಡೋಸ್ ಎಕ್ಸ್‌ಪಿಗೆ ಮೈಕ್ರೋಸಾಫ್ಟ್ ಬೆಂಬಲ ನಿಲ್ಲಿಸಿದ್ದು 2014ರ ಏಪ್ರಿಲ್ 8ರಂದು. ಆದರೂ ಪಿಎಲ್‌ಸಿ ಕೆಲಸ ಮಾಡುವವರ ಬ್ಯಾಗಿನಲ್ಲಿ ಒಂದು ಎಕ್ಸ್‌ಪಿ ಲ್ಯಾಪ್‌ಟಾಪ್ ಇನ್ನೂ ಇದ್ದರೆ ನಗಬೇಡಿ. ಹಳೇ ಉಪಕರಣಗಳ ಕೇಬಲ್ ಸಿಕ್ಕಿಸುವ ಅದರ ಸೀರಿಯಲ್ ಪೋರ್ಟ್‌ಗೆ ಬೆಲೆ ಇದೆ. ಅದನ್ನು ಇಂಟರ್ನೆಟ್‌ಗೆ ಜೋಡಿಸದಿದ್ದರೆ ಸಾಕು.

ಬ್ಯಾಟರಿ ವಿಷಯ ಒಂದಿದೆ. ಅನೇಕ ಹಳೇ ಪಿಎಲ್‌ಸಿಗಳಲ್ಲಿ ಕರೆಂಟ್ ಹೋದಾಗ ಪ್ರೋಗ್ರಾಮನ್ನು ಉಳಿಸಿಕೊಳ್ಳುವುದು ಒಂದು ಸಣ್ಣ ಲೀಥಿಯಂ ಬ್ಯಾಟರಿ. ಅದು ಸತ್ತಿದ್ದರೂ ಪವರ್ ಇರುವವರೆಗೆ ಎಲ್ಲ ಓಡುತ್ತದೆ. ಕಾರ್ಡ್ ಬದಲಿಸಲು ಪವರ್ ಆಫ್ ಮಾಡಿದ ಕೂಡಲೇ ಪ್ರೋಗ್ರಾಂ ಮಾಯ. ಬಂದದ್ದು ಕಾರ್ಡ್ ಬದಲಿಸಲು, ಈಗ ಪಿಎಲ್‌ಸಿಯೇ ಖಾಲಿ. ಆದ್ದರಿಂದ ಬ್ಯಾಟರಿ ದೀಪ ನೋಡಿ, ಬ್ಯಾಕಪ್ ತೆಗೆದು, ಆಮೇಲೆಯೇ ಸ್ವಿಚ್ ಮುಟ್ಟಬೇಕು. ಹಾಗಂತ ಪವರ್ ಇರುವಾಗಲೇ ಕಾರ್ಡ್ ಎಳೆಯುವುದೂ ಸಲ್ಲ. ಕೆಲವು ಸರಣಿಗಳು ಅದಕ್ಕೆ ಅಂತಲೇ ತಯಾರಾಗಿವೆ, ಬಹಳಷ್ಟು ಅಲ್ಲ.

ಹಳೇ ಕಾರ್ಡಿನ ಮೇಲಿರುವ ಪುಟ್ಟ ಸ್ವಿಚ್‌ಗಳ ಫೋಟೋ ತೆಗೆಯಬೇಕು. ನಂಬರ್, ವೇಗ ಎಲ್ಲ ಅದರಲ್ಲೇ ಹೊಂದಿಸಿರುತ್ತಾರೆ. ತಂತಿಗಳಿಗೆ ನಂಬರ್ ಇಲ್ಲದಿದ್ದರೆ ಬಿಚ್ಚುವ ಮೊದಲೇ ಹಾಕಬೇಕು.

ದಿನ ಯಾವುದು? ಬೆಸ್ಕಾಂ ಪವರ್ ಕಟ್ ಇರುವ ದಿನ ಮಾಡಿಬಿಡೋಣ ಅಂತ ಯಾರಾದರೂ ಸೂಚಿಸುತ್ತಾರೆ. ಬಿಚ್ಚಲು ಅದು ಸರಿ, ಆದರೆ ಪರೀಕ್ಷೆಗೆ ಕರೆಂಟ್ ಬೇಕಲ್ಲ. ಕಾರ್ಖಾನೆಗಳಲ್ಲಿ ಆಯುಧ ಪೂಜೆಯ ರಜೆ ಹೊಂದುತ್ತದೆ, ಹೇಗೂ ಮೆಷಿನ್ ನಿಲ್ಲಿಸಿ ತೊಳೆದಿರುತ್ತಾರೆ. ಅಪಾರ್ಟ್‌ಮೆಂಟಿಗೆ ನೀರು ಕಡಿಮೆ ಬಳಸುವ ಮಧ್ಯಾಹ್ನ ಸಾಕು, ಟ್ಯಾಂಕ್ ತುಂಬಿಸಿಟ್ಟುಕೊಂಡರೆ. ಸಂಜೆ ಇಷ್ಟು ಹೊತ್ತಿಗೆ ಆಗದಿದ್ದರೆ ಹಳೇ ಕಾರ್ಡ್ ವಾಪಸ್ ಹಾಕುತ್ತೇವೆ ಅಂತ ಮೊದಲೇ ಗಂಟೆ ಗೊತ್ತು ಮಾಡಿಕೊಳ್ಳುವುದು ಒಳ್ಳೆಯದು.

## ಈಥರ್‌ನೆಟ್ ಬಂದ ಮೇಲೆ

ಹಳೇ ಎರಡು ತಂತಿಯ ಜಾಲಕ್ಕೆ ಒಂದು ಅನುಕೂಲ ಇತ್ತು. ಪ್ಯಾನೆಲ್ ಹತ್ತಿರ ಬಂದು ತಂತಿ ಮುಟ್ಟದೆ ಯಾರೂ ಅದರೊಳಗೆ ನುಗ್ಗುವಂತಿರಲಿಲ್ಲ. ಹೊಸ ಕಾರ್ಡ್ ಈಥರ್‌ನೆಟ್‌ನದಾದರೆ ಆಫೀಸ್ ನೆಟ್‌ವರ್ಕ್‌ಗೂ, ಅಲ್ಲಿಂದ ಇಂಟರ್ನೆಟ್‌ಗೂ ದಾರಿ ತೆರೆಯಬಹುದು. ಮಾಮೂಲಿ ಮಾಡ್‌ಬಸ್‌ಗೆ ಪಾಸ್‌ವರ್ಡ್ ಅನ್ನುವುದೇ ಇಲ್ಲ. ಕೇಳಿದವರು ಯಾರು ಅಂತ ನೋಡದೆ ಉತ್ತರಿಸುತ್ತದೆ. ಹೇಳಿದ್ದನ್ನು ಮಾಡುತ್ತದೆ.

2015ರ ಡಿಸೆಂಬರ್ 23ರಂದು ಉಕ್ರೇನ್‌ನಲ್ಲಿ ಸುಮಾರು 2.25 ಲಕ್ಷ ಗ್ರಾಹಕರ ಕರೆಂಟ್ ಹೋಯಿತು. ದಾಳಿಕೋರರು ದೂರದಿಂದಲೇ ಬ್ರೇಕರ್‌ಗಳನ್ನು ತೆರೆದು ಕರೆಂಟ್ ಕಡಿದರು. ಅಷ್ಟಕ್ಕೇ ಬಿಡಲಿಲ್ಲ. ಸಬ್‌ಸ್ಟೇಷನ್‌ಗಳಲ್ಲಿ ಸೀರಿಯಲ್ ತಂತಿಯನ್ನು ಈಥರ್‌ನೆಟ್‌ಗೆ ಜೋಡಿಸುವ ಪರಿವರ್ತಕಗಳ ಫರ್ಮ್‌ವೇರನ್ನೇ ಕೆಡಿಸಿದರು. ನಾವು ಇಲ್ಲಿ ಮಾತಾಡುತ್ತಿರುವುದೂ ಅದೇ ಜಾತಿಯ ಡಬ್ಬಿಗಳ ಬಗ್ಗೆ. ಕಂಟ್ರೋಲ್ ರೂಮಿನಿಂದ ಆದೇಶ ಹೋಗುವ ದಾರಿಯೇ ಮುಚ್ಚಿತು. ಸಿಬ್ಬಂದಿ ಸಬ್‌ಸ್ಟೇಷನ್‌ಗಳಿಗೆ ಹೋಗಿ ಕೈಯಿಂದಲೇ ಬ್ರೇಕರ್ ಹಾಕಬೇಕಾಯಿತು. ಕೆಲವು ಗಂಟೆಗಳಲ್ಲಿ ಕರೆಂಟ್ ಬಂದದ್ದು ಕೈಯಿಂದ ಹಾಕುವ ವ್ಯವಸ್ಥೆ ಇನ್ನೂ ಇದ್ದದ್ದರಿಂದ.

ಹಾಗಾಗಿ ಹೊಸ ಕಾರ್ಡ್ ಹಾಕುವಾಗ ಅದರ ಜೊತೆ ಬಂದ ಡೀಫಾಲ್ಟ್ ಪಾಸ್‌ವರ್ಡ್ ಬದಲಿಸಬೇಕು. ಅದನ್ನು ಕಟ್ಟಡದ ವೈಫೈ ಜಾಲದಿಂದ ಬೇರೆ ಇಡಬೇಕು. ವೆಂಡರ್ ದೂರದಿಂದ ನೋಡಲು ಸಿಮ್ ರೂಟರ್ ಹಾಕುತ್ತೇನೆ ಅಂದರೆ, ಅದು ಯಾವಾಗಲೂ ಆನ್ ಇರಬೇಕಾ, ಕರೆ ಮಾಡಿದಾಗ ಮಾತ್ರ ಆನ್ ಮಾಡಿದರೆ ಸಾಲದಾ ಅಂತ ಕೇಳಬಹುದು. ಪ್ಯಾನೆಲ್ ಮೇಲಿನ ಆಟೋ-ಮ್ಯಾನ್ಯುಯಲ್ ಸ್ವಿಚ್ ಅನ್ನು ‘ಈಗ ಬೇಡ’ ಅಂತ ತೆಗೆಸಬೇಡಿ. ಸೈಬರ್ ಸುರಕ್ಷತೆ ನೋಡಿಕೊಳ್ಳುವ ಕೇಂದ್ರ ಸರ್ಕಾರದ ಸಂಸ್ಥೆ ಸರ್ಟ್-ಇನ್‌ನ 2022ರ ಏಪ್ರಿಲ್ 28ರ ಆದೇಶದ ಪ್ರಕಾರ ಸೈಬರ್ ದಾಳಿ ಗಮನಕ್ಕೆ ಬಂದ ಆರು ಗಂಟೆಯೊಳಗೆ ವರದಿ ಮಾಡಬೇಕು. ಆ ಪಟ್ಟಿಯಲ್ಲಿ ಸ್ಕ್ಯಾಡಾ ಮೇಲಿನ ದಾಳಿಯೂ ಇದೆ.

## ಕೊಟೇಶನ್ ಕೈಗೆ ಬಂದಾಗ

ಹಳೇ ಕಾರ್ಡಿನ ಪೂರ್ತಿ ಪಾರ್ಟ್ ನಂಬರ್ ಮತ್ತು ಹೊಸದರ ಪಾರ್ಟ್ ನಂಬರ್ ಎರಡೂ ಅದರಲ್ಲಿ ಇರಬೇಕು. ‘ಕಮ್ಯುನಿಕೇಶನ್ ಮಾಡ್ಯೂಲ್, ಒಂದು’ ಅಂತ ಮಾತ್ರ ಇದ್ದರೆ ವಾಪಸ್ ಕಳಿಸಿ. ಡಬ್ಬಿಯ ಬೆಲೆ, ಕೆಲಸದ ಬೆಲೆ ಬೇರೆ ಬೇರೆ ಬರೆಸಿ. ಪರೀಕ್ಷೆ ಅನ್ನುವ ಸಾಲಿನಲ್ಲಿ ಏನೇನು ಮಾಡುತ್ತಾರೆ ಅಂತ ಕೇಳಿ. ಪರದೆಯ ಪ್ರತಿಯೊಂದು ಅಳತೆಯನ್ನೂ ಮೀಟರಿನ ಮುಂದೆ ನಿಂತು ಹೋಲಿಸುತ್ತಾರಾ, ಕೇಬಲ್ ಎಳೆದು ನೋಡುತ್ತಾರಾ? ಕೇಬಲ್ ಪರೀಕ್ಷೆ ಆಗಿದೆಯಾ, ಓಮ್ ಎಷ್ಟು ಬಂತು ಅಂತ ಕೇಳಿದರೆ ಎದುರಿಗಿರುವವರು ಕೆಲಸ ಬಲ್ಲವರೋ ಅಲ್ಲವೋ ಅಲ್ಲೇ ಗೊತ್ತಾಗುತ್ತದೆ.

ಇಷ್ಟೆಲ್ಲ ಕೇಳಿದ ಮೇಲೂ ಕಾರ್ಡ್ ಆರೋಗ್ಯವಾಗಿದೆ, ಬಿಡಿಭಾಗ ಇನ್ನೂ ಕೆಲವು ವರ್ಷ ಸಿಗುತ್ತದೆ ಅಂತ ತಿಳಿದರೆ, ಒಂದು ಸ್ಪೇರ್ ಕೊಂಡು ಕಪಾಟಿನಲ್ಲಿ ಇಡುವುದೂ ಒಂದು ನಿರ್ಧಾರವೇ. ಆ ಸ್ಪೇರನ್ನು ಒಮ್ಮೆ ರ‍್ಯಾಕಿನಲ್ಲಿ ಕೂರಿಸಿ, ಓಡುತ್ತದೆ ಅಂತ ನೋಡಿ, ಆಮೇಲೆ ಕಪಾಟಿಗೆ ಸೇರಿಸಬೇಕು.

ಬದಲಿಸುವುದೇ ಅಂತ ಆದರೆ, ಕೆಲಸ ಮುಗಿದ ಮೇಲೆ ಪ್ರಾಜೆಕ್ಟ್ ಫೈಲ್, ರಿಜಿಸ್ಟರ್ ಪಟ್ಟಿ, ಐಪಿ ವಿಳಾಸಗಳು, ಪಾಸ್‌ವರ್ಡ್ ಇವೆಲ್ಲ ಅಸೋಸಿಯೇಷನ್ ಅಥವಾ ಕಾರ್ಖಾನೆಯ ಕೈಗೆ ಬರಬೇಕು ಅಂತ ಆರ್ಡರ್‌ನಲ್ಲೇ ಬರೆಸಿ. ಕೊನೆಯ ಕಂತಿನ ದುಡ್ಡನ್ನು ಆ ಪೆನ್‌ಡ್ರೈವ್ ಕೈಗೆ ಬಂದು, ಫೈಲ್ ತೆರೆದು ನೋಡಿದ ಮೇಲೆ ಕೊಟ್ಟರೆ ಆಯಿತು.